ನಡೆಯಲು ಬಂದರೂ ಮೂಳೆ ಮುರಿದಿರಬಹುದು



ಮೊದಲು ನನ್ನ ಕಾಲಿನ ಕಥೆ ಹೇಳುತ್ತೇನೆ. ಆಮೇಲೆ ನಿಮ್ಮ ಕಾಲಿನ ವಿಷಯ ಮಾತಾಡೋಣ.

ಒಂದು ದಿನ ರಾತ್ರಿ ಕಲಿಕಾ ಕೇಂದ್ರ ಮುಗಿಸಿ ಮನೆಗೆ ಹೊರಟಿದ್ದೆ. ಕರೆಂಟು ಹೋಗಿತ್ತು. ದಾರಿಯಲ್ಲಿ ಚರಂಡಿ ಇದೆ. ಅದರ ಮೇಲೆ ಕಲ್ಲು ಹಾಸಿದ್ದಾರೆ. ಆ ಕಲ್ಲಿನ ಅಂಚಿಗೆ ನನ್ನ ಎಡಗಾಲು ಬಿತ್ತು. ಪಾದ ಒಳಗಡೆಗೆ ತಿರುಚಿತು. 'ಟಕ್' ಅಂತ ಒಂದು ಸದ್ದು ಕೇಳಿಸಿತು. ಕಣ್ಣಿಗೆ ಕತ್ತಲೆ ಬಂದ ಹಾಗಾಯಿತು.

ಸ್ವಲ್ಪ ಹೊತ್ತು ಅಲ್ಲೇ ಕೂತೆ. ಆಮೇಲೆ ಎದ್ದೆ. ಹಿಮ್ಮಡಿ ಊರಿಕೊಂಡು ಕುಂಟುತ್ತಾ ಮನೆಗೆ ಬಂದೆ.

ಮನೆಯಲ್ಲಿ ಎಲ್ಲರೂ ಒಂದೇ ಮಾತು ಹೇಳಿದರು. "ನಡ್ಕೊಂಡು ಬಂದೆಯಲ್ಲ, ಮೂಳೆಗೇನೂ ಆಗಿಲ್ಲ. ಉಳುಕಿದೆ ಅಷ್ಟೇ." ನಾನೂ ಹಾಗೇ ಅಂದುಕೊಂಡೆ. ಅತ್ತೆ ಪ್ರೀತಿಯಿಂದ ಎಣ್ಣೆ ಕಾಯಿಸಿ ತಿಕ್ಕಿದರು. ಬಿಸಿನೀರು ಹೊಯ್ದರು. ಬೆಳಿಗ್ಗೆ ನೋಡಿದರೆ ಪಾದ ಬನ್ನಿನ ಹಾಗೆ ಊದಿತ್ತು. ಹೊರಗಡೆ ಅಂಚು ನೀಲಿ ಆಗಿತ್ತು.

ಹಾಗೇ ಮೂರು ದಿನ ಶಾಲೆಗೆ ಹೋದೆ. ಮನೆಗೆಲಸವನ್ನೂ ಮಾಡಿದೆ. ನಾಲ್ಕನೇ ದಿನ ಆಗಲೇ ಇಲ್ಲ. ತಾಲ್ಲೂಕು ಆಸ್ಪತ್ರೆಗೆ ಹೋದೆ. ಎಕ್ಸರೇ ತೆಗೆದರು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ತೋರಿಸಿದರು. ಪಾದದ ಹೊರಗಡೆ ಮೂಳೆಯಲ್ಲಿ ಒಂದು ಕಪ್ಪು ಗೆರೆ ಕಾಣಿಸಿತು. ಕೂದಲೆಳೆಯಷ್ಟು ಸಣ್ಣ ಗೆರೆ. "ನೋಡಿ ಮೇಡಂ, ಮೂಳೆ ಮುರಿದಿದೆ" ಅಂದರು.

ನಾನು ಓದಿದವಳು. ಮಕ್ಕಳಿಗೆ ಪಾಠ ಹೇಳುವವಳು. ನನಗೇ ಇದು ಗೊತ್ತಿರಲಿಲ್ಲ. ಅದಕ್ಕೇ ಈ ಪಾಠ ಬರೆಯುತ್ತಿದ್ದೇನೆ.

ನಿಮ್ಮ ಪಾದ ಮುಟ್ಟಿ ನೋಡಿ

ನಮ್ಮ ಒಂದು ಪಾದದಲ್ಲಿ 26 ಮೂಳೆಗಳಿವೆ. ಎಲ್ಲವೂ ಚಿಕ್ಕ ಚಿಕ್ಕ ಮೂಳೆಗಳು. ನಮ್ಮ ಮೈಭಾರ, ನೀರಿನ ಬಿಂದಿಗೆಯ ಭಾರ, ಸೌದೆ ಹೊರೆಯ ಭಾರ, ಕಂಕುಳಿನ ಕೂಸಿನ ಭಾರ, ಎಲ್ಲವನ್ನೂ ಇವೇ ಹೊರುತ್ತವೆ.

ಈಗ ಪುಸ್ತಕ ಪಕ್ಕಕ್ಕಿಡಿ. ನಿಮ್ಮ ಕಾಲಿನ ಕಿರುಬೆರಳು ಹಿಡಿಯಿರಿ. ಅಲ್ಲಿಂದ ಪಾದದ ಹೊರ ಅಂಚಿನ ಮೇಲೆ ಬೆರಳಾಡಿಸುತ್ತಾ ಹಿಮ್ಮಡಿ ಕಡೆಗೆ ಬನ್ನಿ. ಅರ್ಧ ದಾರಿಯಲ್ಲಿ ಒಂದು ಗುಬುಟು ಸಿಗುತ್ತದೆ. ಸಿಕ್ಕಿತೇ?

ಕಿರುಬೆರಳಿನಿಂದ ಹಿಂದಕ್ಕೆ ಒಂದು ಉದ್ದನೆಯ ಮೂಳೆ ಬರುತ್ತದೆ. ಆ ಮೂಳೆಯ ಬುಡವೇ ಈ ಗುಬುಟು. ಕಾಲಿನಿಂದ ಇಳಿದು ಬರುವ ಒಂದು ಗಟ್ಟಿ ಸ್ನಾಯುವಿನ ತುದಿ ಇಲ್ಲಿ ಅಂಟಿಕೊಂಡಿದೆ. ಹಗ್ಗವನ್ನು ಗೂಟಕ್ಕೆ ಕಟ್ಟಿದ ಹಾಗೆ.

ಪಾದ ಒಳಕ್ಕೆ ತಿರುಚಿದಾಗ ಏನಾಗುತ್ತದೆ? ಹಗ್ಗ ಜಗ್ಗುತ್ತದೆ. ದನ ಜೋರಾಗಿ ಎಳೆದರೆ ಗೂಟ ಸೀಳುವುದಿಲ್ಲವೇ? ಹಾಗೆಯೇ ಮೂಳೆಯ ತುಣುಕು ಕಿತ್ತು ಬರಬಹುದು. ಅಥವಾ ಮೂಳೆ ಅಡ್ಡಕ್ಕೆ ಬಿರುಕು ಬಿಡಬಹುದು.

ಉಳಿದ ಮೂಳೆಗಳು ಸರಿಯಾಗಿರುತ್ತವೆ. ಹಿಮ್ಮಡಿ ಗಟ್ಟಿ ಇರುತ್ತದೆ. ಆದ್ದರಿಂದ ಕುಂಟುತ್ತಾ ನಡೆಯಲು ಬರುತ್ತದೆ. ನಾವು ಮೋಸ ಹೋಗುವುದು ಇಲ್ಲೇ.

ಡಾಕ್ಟರೇ ಮೋಸ ಹೋದ ಕಥೆ

ಇಂಗ್ಲೆಂಡಿನ ಲಿವರ್‌ಪೂಲ್ ಊರಿನಲ್ಲಿ ರಾಬರ್ಟ್ ಜೋನ್ಸ್ ಎಂಬ ಡಾಕ್ಟರಿದ್ದರು. ಮೂಳೆ ಚಿಕಿತ್ಸೆಯಲ್ಲಿ ಹೆಸರುವಾಸಿ. ಒಮ್ಮೆ ಕುಣಿಯುವಾಗ ಅವರ ಕಾಲಿಗೇ ಪೆಟ್ಟಾಯಿತು. ಮೊದಲು ಅವರು ಸ್ನಾಯು ಹರಿದಿದೆ ಅಂದುಕೊಂಡರು. ಎಕ್ಸರೇ ತೆಗೆದಾಗ ಮೂಳೆ ಮುರಿದಿದ್ದು ಕಂಡಿತು.

ಎಕ್ಸರೇ ಆಗ ಹೊಸದು. ಜರ್ಮನಿಯ ರಾಂಟ್ಜೆನ್ ಎಂಬ ವಿಜ್ಞಾನಿ 1895ರಲ್ಲಿ ಅದನ್ನು ಕಂಡುಹಿಡಿದಿದ್ದರು. ಜೋನ್ಸ್ ಅವರು 1902ರಲ್ಲಿ ಈ ಪೆಟ್ಟಿನ ಬಗ್ಗೆ ಬರೆದರು. ಇವತ್ತಿಗೂ ಈ ಮೂಳೆಯ ಒಂದು ಬಗೆಯ ಮುರಿತಕ್ಕೆ ಅವರದೇ ಹೆಸರು.

ಮೂಳೆ ಡಾಕ್ಟರಿಗೇ ತಮ್ಮ ಕಾಲು ಮುರಿದದ್ದು ತಿಳಿಯಲಿಲ್ಲ. ನಮಗೆ ಹೇಗೆ ತಿಳಿದೀತು? ಆದ್ದರಿಂದ ಊಹೆ ಬೇಡ. ಎಕ್ಸರೇ ಬೇಕು.

ಯಾವಾಗ ಎಕ್ಸರೇ ತೆಗೆಸಬೇಕು?

ಕೆನಡಾ ದೇಶದ ಒಟ್ಟಾವ ನಗರದ ಡಾಕ್ಟರುಗಳು 1992ರಲ್ಲಿ ಇದಕ್ಕೆ ಒಂದು ಸರಳ ನಿಯಮ ಹೇಳಿದರು. ಅದು ಈಗ ಬಹಳ ದೇಶಗಳಲ್ಲಿ ಬಳಕೆಯಲ್ಲಿದೆ. ನಮಗೆ ಬೇಕಾದಷ್ಟನ್ನು ಇಲ್ಲಿ ಹೇಳುತ್ತೇನೆ.

ಕಾಲು ತಿರುಚಿದ ಮೇಲೆ ಹೀಗೆ ನೋಡಿ:

1. ಹೊರ ಅಂಚಿನ ಗುಬುಟನ್ನು ಮೆಲ್ಲಗೆ ಒತ್ತಿ. ಅಲ್ಲೇ ನೋವಿದೆಯೇ?
2. ನಾಲ್ಕು ಹೆಜ್ಜೆ ಇಡಲು ಆಗುತ್ತದೆಯೇ?

ಗುಬುಟಿನ ಮೇಲೆ ನೋವಿದ್ದರೆ ಎಕ್ಸರೇ ಬೇಕು. ನಾಲ್ಕು ಹೆಜ್ಜೆ ಇಡಲಾಗದಿದ್ದರೂ ಎಕ್ಸರೇ ಬೇಕು. ಎರಡರಲ್ಲಿ ಒಂದಿದ್ದರೂ ಸಾಕು. ಹರಡು ಅಂದರೆ ಕಾಲಿನ ಕೀಲಿನ ಎರಡು ಪಕ್ಕದ ಮೂಳೆಗಳನ್ನೂ ಒತ್ತಿ ನೋಡಿ. ಅಲ್ಲಿ ನೋವಿದ್ದರೂ ತೋರಿಸಿ.

ಸಕ್ಕರೆ ಕಾಯಿಲೆ ಇರುವವರು ಇನ್ನೂ ಎಚ್ಚರವಾಗಿರಬೇಕು. ಅವರ ಪಾದಕ್ಕೆ ನೋವು ಸರಿಯಾಗಿ ಗೊತ್ತಾಗದೆ ಇರಬಹುದು. ಪಾದ ಊದಿ ಬಿಸಿಯಾಗಿದ್ದರೆ ನೋವಿಲ್ಲದಿದ್ದರೂ ತೋರಿಸಬೇಕು.

ಬಸುರಿಯಾಗಿದ್ದರೆ ಎಕ್ಸರೇ ತೆಗೆಯುವ ಮೊದಲೇ ಹೇಳಿ. ನಾಚಿಕೆ ಬೇಡ. ಹೊಟ್ಟೆಗೆ ರಕ್ಷಣೆ ಕೊಟ್ಟು ತೆಗೆಯುತ್ತಾರೆ.

ಬಿದ್ದ ಕೂಡಲೇ ಏನು ಮಾಡಬೇಕು?

ಕಾಲುಂಗುರ, ಕಾಲುಚೈನು ಮೊದಲು ತೆಗೆಯಿರಿ. ಊತ ಹೆಚ್ಚಾದರೆ ಉಂಗುರ ಬೆರಳನ್ನು ಕಚ್ಚಿಕೊಳ್ಳುತ್ತದೆ. ಆಗ ರಕ್ತ ಓಡಾಡುವುದಿಲ್ಲ. "ಮುತ್ತೈದೆ ಕಾಲುಂಗುರ ತೆಗೀಬಾರದು" ಅಂತ ಯಾರಾದರೂ ಅಂದಾರು. ನನ್ನ ಅತ್ತೆಯೂ ಅಂದರು. ಕೊನೆಗೆ ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆಯಬೇಕಾಯಿತು. ಕಾಲು ಗುಣವಾದ ಮೇಲೆ ಉಂಗುರ ಮತ್ತೆ ಹಾಕಿಕೊಳ್ಳಬಹುದು.

ಕೂತುಬಿಡಿ. ಕಾಲು ಊರಬೇಡಿ.

ತಣ್ಣನೆ ಬಟ್ಟೆ ಹಾಕಿ. ಐಸ್ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ 15ರಿಂದ 20 ನಿಮಿಷ ಇಡಿ. ಐಸನ್ನು ನೇರವಾಗಿ ಚರ್ಮಕ್ಕೆ ಇಡಬೇಡಿ. ಐಸ್ ಇಲ್ಲದಿದ್ದರೆ ಮಡಕೆಯ ತಣ್ಣೀರಿನಲ್ಲಿ ಬಟ್ಟೆ ಅದ್ದಿ ಹಾಕಿ. ಎರಡು ಮೂರು ಗಂಟೆಗೊಮ್ಮೆ ಹೀಗೆ ಮಾಡಿ.

ಮಲಗಿದಾಗ ಪಾದದ ಕೆಳಗೆ ಎರಡು ದಿಂಬು ಇಡಿ. ಪಾದ ಎದೆಗಿಂತ ಮೇಲಿರಲಿ. ಊತ ಇಳಿಯುತ್ತದೆ.

ತಿಕ್ಕಬೇಡಿ. ಎಳೆಯಬೇಡಿ. ಮೊದಲ ಎರಡು ಮೂರು ದಿನ ಬಿಸಿನೀರು ಬೇಡ. ತಿಕ್ಕಿದರೆ ಮುರಿದ ತುಂಡು ಜರುಗಬಹುದು. ಬಿಸಿ ಮಾಡಿದರೆ ಊತ ಹೆಚ್ಚುತ್ತದೆ. ಎಕ್ಸರೇ ನೋಡದೆ ಬಿದಿರು ಪಟ್ಟಿ ಇಟ್ಟು ಬಿಗಿಯಾಗಿ ಕಟ್ಟಿಸಿಕೊಳ್ಳಬೇಡಿ. ಬಿಗಿ ಹೆಚ್ಚಾದರೆ ಬೆರಳುಗಳಿಗೆ ರಕ್ತ ನಿಂತುಹೋಗುತ್ತದೆ. ಅಂಗಡಿಯಲ್ಲಿ ಕೇಳಿ ನೋವಿನ ಗುಳಿಗೆ ನುಂಗಬೇಡಿ. ಡಾಕ್ಟರು ಹೇಳಿದ್ದನ್ನೇ ತೆಗೆದುಕೊಳ್ಳಿ.

ಸರ್ಕಾರಿ ಆಸ್ಪತ್ರೆಗೆ ಹೋಗುವಾಗ ರೇಷನ್ ಕಾರ್ಡು, ಆಧಾರ್ ಕಾರ್ಡು ಜೊತೆಗಿರಲಿ. 2018ರಿಂದ 'ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ' ಯೋಜನೆ ಇದೆ. ನಿಮಗೆ ಏನು ಸಿಗುತ್ತದೆ ಅಂತ ಅಲ್ಲೇ ಕೇಳಿ. ಕೇಳುವುದು ನಮ್ಮ ಹಕ್ಕು.

ಎಲ್ಲರ ಮುರಿತ ಒಂದೇ ಅಲ್ಲ

ಈ ಮೂಳೆ ಮುಖ್ಯವಾಗಿ ಮೂರು ರೀತಿ ಮುರಿಯುತ್ತದೆ.

ಒಂದು, ಗುಬುಟಿನ ತುದಿ ಕಿತ್ತು ಬರುವುದು. ಇದೇ ಹೆಚ್ಚು. ಇಲ್ಲಿ ರಕ್ತ ಚೆನ್ನಾಗಿ ಓಡಾಡುತ್ತದೆ. ಆದ್ದರಿಂದ ಬೇಗ ಕೂಡುತ್ತದೆ. ಗಟ್ಟಿ ಅಡಿಯ ಬೂಟು ಅಥವಾ ಪಟ್ಟಿ ಕೊಡುತ್ತಾರೆ. ನೋವು ತಡೆಯುವಷ್ಟು ನಡೆಯಲು ಬಿಡುತ್ತಾರೆ. ಸಾಮಾನ್ಯವಾಗಿ 6ರಿಂದ 8 ವಾರ ಬೇಕು.

ಎರಡು, ಗುಬುಟಿಗಿಂತ ಸ್ವಲ್ಪ ಮುಂದೆ ಅಡ್ಡಕ್ಕೆ ಮುರಿಯುವುದು. ಇದಕ್ಕೇ ಜೋನ್ಸ್ ಹೆಸರು. ಇಲ್ಲಿ ರಕ್ತ ಕಡಿಮೆ ಬರುತ್ತದೆ. ಕಾಲುವೆಯ ಕೊನೆಯ ಗದ್ದೆಗೆ ನೀರು ಕಡಿಮೆ ಬರುತ್ತದಲ್ಲ, ಹಾಗೆ. ಅದಕ್ಕೇ ಇದು ನಿಧಾನವಾಗಿ ಕೂಡುತ್ತದೆ. ಮಂಡಿಯ ಕೆಳಗೆ ಸಿಮೆಂಟ್ ಪಟ್ಟಿ ಹಾಕುತ್ತಾರೆ. 6ರಿಂದ 8 ವಾರ ಕಾಲು ಊರಲೇಬಾರದು. ಕೆಲವರಿಗೆ ಇನ್ನೂ ಹೆಚ್ಚು ದಿನ ಬೇಕು. ಕೂಡದೇ ಹೋದರೆ ಆಪರೇಷನ್ ಮಾಡಿ ಸ್ಕ್ರೂ ಹಾಕುತ್ತಾರೆ.

ಮೂರು, ಒಂದೇ ಜಾಗಕ್ಕೆ ದಿನವೂ ಪೆಟ್ಟು ಬಿದ್ದು ನಿಧಾನವಾಗಿ ಬಿರುಕು ಬಿಡುವುದು. ಬಹಳ ಓಡುವವರಿಗೆ, ಬಹಳ ನಡೆಯುವವರಿಗೆ ಇದು ಬರುತ್ತದೆ. ಬೀಳದೆಯೇ ವಾರಗಟ್ಟಲೆ ಪಾದದ ಹೊರಗಡೆ ನೋವಿದ್ದರೆ ತೋರಿಸಿ. ಇದೂ ಕೂಡಲು ಬಹಳ ದಿನ ಹಿಡಿಯುತ್ತದೆ.

ಹಾಗಾಗಿ ಪಕ್ಕದ ಮನೆಯವರ ಕಾಲು ನೋಡಿ ನಿಮ್ಮ ಕಾಲಿಗೆ ಲೆಕ್ಕ ಹಾಕಬೇಡಿ. "ಅವಳು ನಡೀತಿದ್ಲು, ನೀನ್ಯಾಕೆ ಮಲಗಿದ್ದೀಯ?" ಅಂದರೆ ಹೇಳಿ, ಅವಳ ಮುರಿತ ಬೇರೆ, ನನ್ನ ಮುರಿತ ಬೇರೆ.

ನಾನು ಮಾಡಿದ ಎರಡನೇ ತಪ್ಪು

ನನ್ನದು ಎರಡನೇ ರೀತಿಯ ಮುರಿತ. ಡಾಕ್ಟರು ಪಟ್ಟಿ ಹಾಕಿದರು. "8 ವಾರ ಕಾಲು ಊರಬೇಡಿ" ಅಂದರು. ಚೀಟಿಯಲ್ಲಿ ಬರೆದೂ ಕೊಟ್ಟರು.

ಹನ್ನೆರಡನೇ ದಿನ ಮನೆಗೆ ನೆಂಟರು ಬಂದರು. ನಲ್ಲಿಯಲ್ಲಿ ನೀರು ಬಂತು. ಯಾರೂ ನನಗೆ ಕೆಲಸ ಮಾಡು ಅನ್ನಲಿಲ್ಲ. ಆದರೆ ಯಾರೂ ಏಳಲೂ ಇಲ್ಲ. ನನಗೇ ಸುಮ್ಮನೆ ಕೂರಲು ಆಗಲಿಲ್ಲ. ಹೆಂಗಸು ಕೂತಿದ್ದರೆ ಸೋಮಾರಿ ಅಂತಾರಲ್ಲ. ಪಟ್ಟಿ ಊರಿಕೊಂಡೇ ನಾಲ್ಕು ಬಿಂದಿಗೆ ನೀರು ತಂದೆ. ಅವತ್ತು ರಾತ್ರಿ ನೋವಿನಿಂದ ಅತ್ತೆ.

ಪಟ್ಟಿಯ ಅಡಿ ಬಿರುಕು ಬಿಟ್ಟಿತ್ತು. ಮತ್ತೆ ಆಸ್ಪತ್ರೆಗೆ ಹೋದೆ. ಹೊಸ ಎಕ್ಸರೇ, ಹೊಸ ಪಟ್ಟಿ. ಡಾಕ್ಟರು ಬೈಯಲಿಲ್ಲ. ಒಂದೇ ಮಾತು ಹೇಳಿದರು. "ಮೇಡಂ, ನಿಮ್ಮ ಮೂಳೆಗೆ ಔಷಧಿ ಅಂದ್ರೆ ವಿಶ್ರಾಂತಿ. ಅದನ್ನೇ ನೀವು ತಗೊಂಡಿಲ್ಲ." 8 ವಾರದಲ್ಲಿ ಮುಗಿಯಬೇಕಾದದ್ದು 14 ವಾರ ಹಿಡಿಯಿತು.

ಅವತ್ತು ನನ್ನ ಯಜಮಾನರೂ ಜೊತೆಗಿದ್ದರು. ಅವರೇ ಆ ಮಾತನ್ನು ಕೇಳಿಸಿಕೊಂಡರು. ಮನೆಗೆ ಬಂದು ಎಲ್ಲರೂ ಕೂತು ಮಾತಾಡಿದೆವು. ನೀರು ತರುವುದು ಅವರ ಕೆಲಸ ಆಯಿತು. ಪಾತ್ರೆ, ಕಸ ಮಗನಿಗೆ. ಮಗಳಿಗೆ ಮಾತ್ರ ಎಲ್ಲವನ್ನೂ ಹೊರಿಸಬಾರದು ಅಂತ ನಾನು ಹಟ ಹಿಡಿದೆ. ನಾನು ಸ್ಟೂಲಿನ ಮೇಲೆ ಕೂತು ತರಕಾರಿ ಹೆಚ್ಚಿ ಕೊಡುತ್ತಿದ್ದೆ. ಮನೆ ನಡೆಯಿತು. ಏನೂ ಮುಳುಗಲಿಲ್ಲ.

ಕೇಂದ್ರದ ಅಕ್ಕಂದಿರು ಸ್ಲೇಟು ಹಿಡಿದು ನಮ್ಮ ಜಗುಲಿಗೇ ಬಂದರು. ಪಾಠ ಅಲ್ಲೇ ಸಾಗಿತು.

"ಕೂಲಿ ಯಾರು ಕೊಡ್ತಾರೆ?"

ಒಂದು ದಿನ ಒಬ್ಬ ಅಕ್ಕ ಕೇಳಿದರು. "ಮೇಡಂ, ನಿಮಗೆ ರಜೆ ಹಾಕಿದ್ರೂ ಸಂಬಳ ಬರುತ್ತೆ. ನಾವು ಮಲಗಿದ್ರೆ ಕೂಲಿ ಯಾರು ಕೊಡ್ತಾರೆ?"

ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಮಾತು ನಿಜ. ಆಮೇಲೆ ನಾವೆಲ್ಲ ಸೇರಿ ಸ್ಲೇಟಿನ ಮೇಲೆ ಲೆಕ್ಕ ಹಾಕಿದೆವು. ಸರಿಯಾಗಿ ವಿಶ್ರಾಂತಿ ತೆಗೆದುಕೊಂಡರೆ ಎಂಟು ವಾರದ ಕೂಲಿ ಹೋಗುತ್ತದೆ. ತೆಗೆದುಕೊಳ್ಳದಿದ್ದರೆ? ಮೂಳೆ ಕೂಡುವುದಿಲ್ಲ. ಕುಂಟುತ್ತಾ ಅರ್ಧ ಕೆಲಸ. ಕೊನೆಗೆ ಆಪರೇಷನ್. ಆಮೇಲೆ ಮತ್ತೆ ವಾರಗಟ್ಟಲೆ ಮಲಗಬೇಕು. ಯಾವುದು ಹೆಚ್ಚು ನಷ್ಟ? ಅಕ್ಕಂದಿರೇ ಉತ್ತರ ಹೇಳಿದರು.

ಆದರೂ ಎಂಟು ವಾರದ ಹೊಟ್ಟೆಪಾಡು ಸಣ್ಣ ಮಾತಲ್ಲ. ಅದಕ್ಕೆ ಸಂಘದಲ್ಲಿ ಮಾತಾಡಿದೆವು. ಕಾಲು ಮುರಿದವರಿಗೆ ಸಾಲದ ಕಂತು ಮುಂದಕ್ಕೆ ಹಾಕುವುದು. ಕೂತು ಮಾಡುವ ಕೆಲಸ ಅವರಿಗೆ ಬಿಡುವುದು. ಬತ್ತಿ ಹೊಸೆಯುವುದು, ಹೂ ಕಟ್ಟುವುದು, ಕಾಳು ಆರಿಸುವುದು. ನೀರು ಸೌದೆ ಸರದಿಯಂತೆ ತಂದುಕೊಡುವುದು. ಇಷ್ಟು ನಮ್ಮ ಕೈಯಲ್ಲೇ ಇದೆ.

ಪಟ್ಟಿ ಹಾಕಿದಾಗ ಎಚ್ಚರ

ಪಟ್ಟಿ ಒದ್ದೆ ಮಾಡಬೇಡಿ. ಸ್ನಾನಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿ, ಕಾಲನ್ನು ಸ್ಟೂಲಿನ ಮೇಲೆ ಹೊರಗಡೆ ಚಾಚಿ. ತುರಿಸಿದರೆ ಕಡ್ಡಿ, ಪಿನ್ನು ಒಳಗೆ ತೂರಿಸಬೇಡಿ. ಗಾಯವಾಗಿ ಕೀವು ತುಂಬುತ್ತದೆ.

ಬೆರಳುಗಳನ್ನು ಆಗಾಗ ಆಡಿಸುತ್ತಾ ಇರಿ.

ಪಾಯಿಖಾನೆಗೆ ಕುಕ್ಕರಗಾಲಲ್ಲಿ ಕೂರಲು ಆಗದು. ಹಳೆಯ ಪ್ಲಾಸ್ಟಿಕ್ ಕುರ್ಚಿಯ ನಡುವೆ ತೂತು ಕೊರೆದು ಇಟ್ಟುಕೊಳ್ಳಿ. ಕಷ್ಟ ಅಂತ ನೀರು ಕುಡಿಯುವುದನ್ನು ಬಿಡಬೇಡಿ.

ಡಾಕ್ಟರು ಊರಲು ಒಪ್ಪಿದ ಮೇಲೆ ಒಂದು ಕೋಲು ಹಿಡಿಯಿರಿ. ಯಾವ ಕೈಯಲ್ಲಿ? ನೋವಿನ ಕಾಲಿನ ಎದುರು ಕೈಯಲ್ಲಿ. ಎಡಗಾಲು ನೋವಾದರೆ ಬಲಗೈಯಲ್ಲಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು. ಇಳಿಯುವಾಗ ನೋವಿನ ಕಾಲು ಮೊದಲು.

ಇವು ಕಂಡರೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ:

* ಬೆರಳು ನೀಲಿ ಆದರೆ, ತಣ್ಣಗಾದರೆ, ಜೋಮು ಹಿಡಿದರೆ
* ಕಾಲು ಎತ್ತಿಟ್ಟರೂ ನೋವು ಏರುತ್ತಲೇ ಇದ್ದರೆ
* ಪಟ್ಟಿಯಿಂದ ವಾಸನೆ ಬಂದರೆ, ಜ್ವರ ಬಂದರೆ
* ಮೀನಖಂಡ ಊದಿ ನೋವಾದರೆ

ಎದೆ ನೋವು ಬಂದರೆ, ಉಸಿರು ಕಟ್ಟಿದರೆ 108ಕ್ಕೆ ಫೋನು ಮಾಡಿ. ತಡ ಮಾಡಲೇಬೇಡಿ.

ಮೂಳೆಗೆ ಊಟ

ಮೂಳೆ ಕೂಡಲು ಸುಣ್ಣದ ಅಂಶ ಬೇಕು. ಅದು ನಮ್ಮ ರಾಗಿಯಲ್ಲೇ ಇದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದ ಅಂಶ ಇರುತ್ತದೆ. ಮುದ್ದೆ, ಅಂಬಲಿ, ರೊಟ್ಟಿ, ಯಾವುದಾದರೂ ಸರಿ. ಹಾಲು, ಮೊಸರು, ಎಳ್ಳು, ನುಗ್ಗೆ ಸೊಪ್ಪು ಒಳ್ಳೆಯದು. ಬೇಳೆ, ಕಾಳು, ಮೊಟ್ಟೆ ತಿನ್ನಿ. ಮೀನು ತಿನ್ನುವವರು ಮುಳ್ಳಿನ ಸಮೇತ ಅಗಿಯುವ ಸಣ್ಣ ಮೀನು ತಿನ್ನಿ. ದಿನವೂ ಸ್ವಲ್ಪ ಹೊತ್ತು ಬಿಸಿಲಿನಲ್ಲಿ ಕೂರಿ.

ಎಲ್ಲರಿಗೂ ಬಡಿಸಿ ತಳದಲ್ಲಿ ಉಳಿದದ್ದನ್ನು ನಾವು ಉಣ್ಣುತ್ತೇವೆ. ಈ ದಿನಗಳಲ್ಲಿ ಅದು ಬೇಡ. ನಿಮ್ಮ ಪಾಲು ಮೊದಲೇ ತೆಗೆದಿಡಿ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಸವೆಯುತ್ತಾ ಹೋಗುತ್ತದೆ. ಆಗ ಇನ್ನೂ ಗಮನ ಬೇಕು.

ಬೀಡಿ, ಸಿಗರೇಟಿನ ಹೊಗೆ ಮೂಳೆ ಕೂಡುವುದನ್ನು ತಡ ಮಾಡುತ್ತದೆ.

ಕಾಲಿನಿಂದ ಅ ಆ ಇ ಈ

ಪಟ್ಟಿ ಬಿಚ್ಚಿದಾಗ ನನ್ನ ಕಾಲು ನನ್ನದಲ್ಲ ಅನ್ನಿಸಿತು. ಸಣ್ಣಗೆ, ಬಿಗಿಯಾಗಿ, ಒಣಗಿದ ಕೊಂಬೆಯ ಹಾಗಿತ್ತು. ಹೆದರಬೇಡಿ. ಇದು ಎಲ್ಲರಿಗೂ ಆಗುತ್ತದೆ. ಡಾಕ್ಟರು ಒಪ್ಪಿದ ಮೇಲೆ ವ್ಯಾಯಾಮ ಶುರು ಮಾಡಿ.

ಕಾಲು ಚಾಚಿ ಕೂರಿ. ಪಾದವನ್ನು ಮೇಲಕ್ಕೆ, ಕೆಳಕ್ಕೆ ಆಡಿಸಿ. 10 ಸಲ ಸಾಕು.

ಹೆಬ್ಬೆರಳೇ ಬಳಪ ಅಂತ ತಿಳಿಯಿರಿ. ಗಾಳಿಯಲ್ಲಿ ಅ, ಆ, ಇ, ಈ ಬರೆಯಿರಿ. ನಮ್ಮ ಕನ್ನಡ ಅಕ್ಷರಗಳು ದುಂಡಗಿವೆ. ಹರಡು ಎಲ್ಲ ಕಡೆಗೂ ತಿರುಗುತ್ತದೆ. ಕಾಲಿಗೂ ಪಾಠ, ತಲೆಗೂ ಪಾಠ!

ನೆಲದ ಮೇಲೆ ಟವೆಲ್ ಹಾಸಿ. ಬೆರಳುಗಳಿಂದ ಅದನ್ನು ಹತ್ತಿರಕ್ಕೆ ಎಳೆಯಿರಿ.

ಕೆಲವು ವಾರದ ನಂತರ ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲಿ. ಹಿಂದೆ ತಿರುಚಿದ ಕಾಲು ಮತ್ತೆ ತಿರುಚದಂತೆ ಇದು ಕಾಪಾಡುತ್ತದೆ.

ನಡಿಗೆ ನಿಧಾನವಾಗಿ ಹೆಚ್ಚಿಸಿ. ಮೊದಲು ಅಂಗಳ, ಆಮೇಲೆ ಬೀದಿ, ಆಮೇಲೆ ಹೊಲ. ಭಾರ ಹೊರುವುದು ಎಲ್ಲಕ್ಕಿಂತ ಕೊನೆಗೆ. ಸಂಜೆ ಸ್ವಲ್ಪ ಊತ ಬರಬಹುದು. ಕೆಲವರಿಗೆ ಅದು ತಿಂಗಳುಗಟ್ಟಲೆ ಇರುತ್ತದೆ. ಕಾಲು ಎತ್ತಿಟ್ಟರೆ ಇಳಿಯುತ್ತದೆ. ನೋವು ಹೆಚ್ಚಾದರೆ ಒಂದು ಹೆಜ್ಜೆ ಹಿಂದಕ್ಕೆ ಬನ್ನಿ. ಸವೆದ ಹವಾಯಿ ಚಪ್ಪಲಿ ಬಿಡಿ. ಗಟ್ಟಿ ಅಡಿಯ, ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಹಾಕಿ.

ಕೊನೆಯ ಮಾತು

ಕೂಲಿಯ ಬಗ್ಗೆ ಕೇಳಿದ ಆ ಅಕ್ಕನಿಗೆ ಮರುವರ್ಷ ಬದುವಿನ ಮೇಲೆ ಕಾಲು ತಿರುಚಿತು. ಮನೆಯವರು ಎಣ್ಣೆ ಕಾಯಿಸಿದರು. ಅಕ್ಕ ಗುಬುಟು ಒತ್ತಿ ನೋಡಿದರು. "ಎಣ್ಣೆ ಬೇಡ, ಎಕ್ಸರೇ ಬೇಕು" ಅಂದರು. ಮರುದಿನವೇ ಆಸ್ಪತ್ರೆಗೆ ಹೋದರು. ಅವರದು ಮೊದಲನೇ ರೀತಿಯ ಮುರಿತ. ಡಾಕ್ಟರ ಚೀಟಿಯಲ್ಲಿ '6 ವಾರ' ಅಂತ ಬರೆದಿತ್ತು. ಮನೆಯವರ ಮುಂದೆ ಅದನ್ನು ಅವರೇ ಓದಿದರು. ಬೆರಳಿಟ್ಟು, ಅಕ್ಷರ ಅಕ್ಷರ ಕೂಡಿಸಿ, ಎರಡು ಸಲ ಓದಿದರು. ಮನೆಯವರು ಸುಮ್ಮನಾದರು. ನೀರಿನ ಬಿಂದಿಗೆಯನ್ನು ಮಗ ಎತ್ತಿಕೊಂಡ.

ಆರು ವಾರದ ನಂತರ ಅವರು ನಡೆದುಕೊಂಡೇ ಕೇಂದ್ರಕ್ಕೆ ಬಂದರು.

ಓದಿ, ಮಾತಾಡಿ

1. ಪಾದದ ಹೊರ ಅಂಚಿನ ಗುಬುಟನ್ನು ಪಕ್ಕದವರಿಗೆ ತೋರಿಸಿ.
2. ಕಾಲು ತಿರುಚಿದಾಗ ಕಾಲುಂಗುರ ಯಾಕೆ ತೆಗೆಯಬೇಕು?
3. ಯಾವಾಗ ಎಕ್ಸರೇ ತೆಗೆಸಬೇಕು?
4. ನಿಮ್ಮ ಮನೆಯಲ್ಲಿ ನೀವು 8 ವಾರ ಕೂತರೆ ಯಾರು ಯಾವ ಕೆಲಸ ಮಾಡಬಹುದು? ಪಟ್ಟಿ ಬರೆಯಿರಿ. ಮನೆಯಲ್ಲಿ ಓದಿ ಹೇಳಿ.